ಕೈಫೋನಿನ ಮೂಲಕ ಹಣ ಸಂದಾಯವಾಗುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟವು ಮುಗಿದ ಬಳಿಕ ಊಟದ ಚಂದಾ ಹಣವನ್ನು ಕೂಡಿಸುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಎಲ್ಲರೂ ಮೇಜಿನ ಮೇಲಿದ್ದ ಚೌಕದ ಚಿತ್ರಕ್ಕೆ ಫೋನು ಹಿಡಿದು ಕ್ಷಣದಲ್ಲಿ ೩೦೦ ರೂಪಾಯಿ ಸಲ್ಲಿಸಿ ಹೋಗುತ್ತಿರುವಾಗ, ಹಿರಿಯರೊಬ್ಬರು ಮಾತ್ರ ಕೈಚೀಲದಿಂದ ನೋಟುಗಳನ್ನು ತೆಗೆದು ಎಣಿಸಿದರು. ೫೦ ರೂಪಾಯಿ ಕಡಿಮೆ ಬಿದ್ದಿತು. "ನಿಮ್ಮೆಲ್ಲರ ಹಣವು ಫೋನಿನೊಳಗೆ ಇದೆಯಂತೆ, ಫೋನು ಬಾವಿಗೆ ಬಿದ್ದರೆ ಹಣವೂ ಮುಳುಗಿತಲ್ಲವೆ?" ಎಂದು ಅವರು ಕೇಳಿದಾಗ ಸುತ್ತಲಿದ್ದವರು ನಕ್ಕರು. ಆದರೆ ನಕ್ಕವರಲ್ಲಿ ಒಬ್ಬರಾದರೂ ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡಲಿಲ್ಲ, ನಾನೂ ಕೊಡಲಿಲ್ಲ. ದಿನವೂ ಹತ್ತು ಸಾರಿ ಉಪಯೋಗಿಸುವ ಸಾಧನದ ಒಳಗುಟ್ಟನ್ನು ತಿಳಿಯದೆ, ತಿಳಿಯಬಯಸಿದವರನ್ನು ನೋಡಿ ನಕ್ಕೆವೆಂಬ ನಾಚಿಕೆಯೇ ಈ ಲೇಖನಕ್ಕೆ ಕಾರಣವಾಯಿತು.

ಉತ್ತರವು ಸರಳವಾದದ್ದೇ. ಹಣವು ಫೋನಿನೊಳಗೆ ಇಲ್ಲ. ಅದು ಮೊದಲು ಎಲ್ಲಿತ್ತೋ ಅಲ್ಲಿಯೇ, ಎಂದರೆ ಬ್ಯಾಂಕಿನ ಖಾತೆಯಲ್ಲಿಯೇ ಇರುತ್ತದೆ. ಹಿಂದೆ ನಾವು ಚೆಕ್ಕು ಬರೆದು, ರುಜು ಹಾಕಿ, ಆಳಿನ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದೆವು. ಬ್ಯಾಂಕಿನ ಗುಮಾಸ್ತನು ಆ ರುಜುವನ್ನು ತನ್ನಲ್ಲಿರುವ ಮಾದರಿಯೊಡನೆ ಹೋಲಿಸಿ ನೋಡಿ ಹಣವನ್ನು ಕೊಡುತ್ತಿದ್ದನು. ಈಗಲೂ ನಡೆಯುವುದು ಅದೇ. ಫೋನು ಚೆಕ್ಕಿನ ಕಾಗದವಿದ್ದಂತೆ. ಅದರೊಳಗಿನ ಆ್ಯಪು ಚೆಕ್ಕನ್ನು ಒಯ್ಯುವ ಆಳು. ಪಿನ್ನು ಎಂಬ ನಾಲ್ಕು ಅಥವಾ ಆರು ಅಂಕಗಳ ಗುಪ್ತಸಂಖ್ಯೆಯೇ ರುಜು. ಆಳು ಬಾವಿಗೆ ಬಿದ್ದರೆ ಬ್ಯಾಂಕು ಮುಳುಗುವುದಿಲ್ಲ. (ಆಳಿನ ವಿಷಯದಲ್ಲಿ ಇಷ್ಟು ನಿರ್ದಯವಾಗಿ ಬರೆದುದನ್ನು ವಾಚಕರು ಕ್ಷಮಿಸಬೇಕು.)

ಈ ಏರ್ಪಾಡಿನ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ೨೦೦೭ನೆಯ ಇಸವಿಯ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆಯ ಆಧಾರದ ಮೇಲೆ, ರಿಜರ್ವು ಬ್ಯಾಂಕೂ ಭಾರತೀಯ ಬ್ಯಾಂಕುಗಳ ಸಂಘವೂ ಕೂಡಿ ೨೦೦೮ರಲ್ಲಿ ರಾಷ್ಟ್ರೀಯ ಪಾವತಿ ನಿಗಮವನ್ನು ಹುಟ್ಟಿಸಿದವು. ಹಗಲಿರುಳೆನ್ನದೆ, ರಜೆಯೆನ್ನದೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ತಕ್ಷಣ ಹಣ ಸಾಗಿಸುವ ಮಾರ್ಗವನ್ನು ಈ ನಿಗಮವು ೨೦೧೦ರಲ್ಲಿ ತೆರೆಯಿತು. ಆದರೆ ಅದಕ್ಕೆ ಉದ್ದುದ್ದವಾದ ಖಾತೆಯ ಸಂಖ್ಯೆ, ಶಾಖೆಯ ಸಂಕೇತ ಮುಂತಾದವುಗಳನ್ನು ಬರೆಯಬೇಕಾಗುತ್ತಿದ್ದುದರಿಂದ ಸಾಮಾನ್ಯ ಜನರಿಗೆ ಅದು ತೊಡಕಾಗಿ ತೋರಿತು. ಈ ತೊಡಕನ್ನು ನೀಗಿಸಿದ್ದೇ ಯು.ಪಿ.ಐ. ಎಂಬ ಹೆಸರಿನಿಂದ ಎಲ್ಲರೂ ಅರಿತಿರುವ ಪದ್ಧತಿ. ೨೦೧೬ರ ಏಪ್ರಿಲ್ ೧೧ರಂದು ಮುಂಬಯಿಯಲ್ಲಿ, ರಿಜರ್ವು ಬ್ಯಾಂಕಿನ ಅಂದಿನ ಗವರ್ನರ್ ರಘುರಾಮ ರಾಜನ್ ಅವರು ೨೧ ಬ್ಯಾಂಕುಗಳೊಡನೆ ಇದನ್ನು ಪ್ರಯೋಗಾರ್ಥವಾಗಿ ಆರಂಭಿಸಿದರು. ಅದೇ ವರ್ಷದ ಡಿಸೆಂಬರ್ ೩೦ರಂದು ಭೀಮ್ ಎಂಬ ನಿಗಮದ ಸ್ವಂತ ಆ್ಯಪು ಹೊರಬಂದಿತು. ೨೦೨೫ರ ಆಗಸ್ಟ್ ತಿಂಗಳೊಂದರಲ್ಲಿಯೇ ಈ ದಾರಿಯಲ್ಲಿ ನಡೆದ ಸಂದಾಯಗಳ ಸಂಖ್ಯೆಯು ೨,೦೦೦ ಕೋಟಿಯನ್ನು ದಾಟಿತು.

ಈಗ ಒಂದೇ ಒಂದು ಸಂದಾಯವನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸೋಣ. ಶಿವಮೊಗ್ಗೆಯಲ್ಲಿರುವ ತಾಯಿಯೊಬ್ಬಳು ಧಾರವಾಡದ ವಿದ್ಯಾರ್ಥಿನಿಲಯದಲ್ಲಿರುವ ಮಗಳಿಗೆ ೫೦೦ ರೂಪಾಯಿ ಕಳುಹಿಸಬೇಕಾಗಿದೆಯೆಂದು ಭಾವಿಸಿರಿ. ಇಬ್ಬರ ಖಾತೆಗಳೂ ಬೇರೆ ಬೇರೆ ಬ್ಯಾಂಕುಗಳಲ್ಲಿವೆ. ತಾಯಿಯು ಮಗಳ ಫೋನು ಸಂಖ್ಯೆಯನ್ನೋ, ಅಂಚೆಯ ವಿಳಾಸದಂತಿರುವ ಆಕೆಯ ಯು.ಪಿ.ಐ. ವಿಳಾಸವನ್ನೋ ಬರೆಯುತ್ತಾಳೆ. ಅಂಗಡಿಗಳಲ್ಲಿ ತೂಗಿರುವ ಚೌಕದ ಚಿತ್ರದಲ್ಲಿಯೂ ಇರುವುದು ಈ ವಿಳಾಸವೇ; ೧೯೯೪ರಲ್ಲಿ ಜಪಾನಿನ ಡೆನ್ಸೋ ಸಂಸ್ಥೆಯವರು ಮೋಟಾರುಗಾಡಿಯ ಬಿಡಿಭಾಗಗಳನ್ನು ಗುರುತಿಸಲು ಕಂಡುಹಿಡಿದ ಆ ಚಿತ್ರವು ಈಗ ನಮ್ಮ ಹೂವಾಡಗಿತ್ತಿಯ ಬುಟ್ಟಿಯ ಮೇಲೆ ಕುಳಿತಿದೆ. ಆ್ಯಪು ಈ ವಿಳಾಸವನ್ನು ನಿಗಮಕ್ಕೆ ತಿಳಿಸುತ್ತದೆ. ನಿಗಮವು ಆ ವಿಳಾಸವನ್ನು ಕೊಟ್ಟವರನ್ನು ವಿಚಾರಿಸಿ, ಖಾತೆದಾರಳ ಹೆಸರನ್ನು ತಾಯಿಯ ಫೋನಿಗೆ ಮರಳಿಸುತ್ತದೆ. ಹಣ ಕಳುಹಿಸುವ ಮೊದಲು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು ೨೦೨೫ರಲ್ಲಿ ವಿಧಿಸಲಾಯಿತು. ಈ ಹೆಸರನ್ನು ಓದದೆ ಮುಂದುವರಿಯಬಾರದು. ತಪ್ಪು ವ್ಯಕ್ತಿಗೆ ಹೋದ ಹಣವನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಹಿಂದಕ್ಕೆ ತರುವುದು ಬಹು ಕಷ್ಟ.

ತರುವಾಯ ತಾಯಿಯು ಪಿನ್ನನ್ನು ಒತ್ತುತ್ತಾಳೆ. ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಪಿನ್ನನ್ನು ಬರೆಯುವ ಆ ಪುಟವು ಆ್ಯಪಿನ ಕಂಪನಿಯವರದಲ್ಲ, ನಿಗಮದವರು ಒದಗಿಸಿದ್ದು. ಅಲ್ಲಿ ಬರೆದ ಅಂಕಗಳು ಫೋನಿನಲ್ಲಿಯೇ ಗೂಢಲಿಪಿಯಾಗಿ ಮಾರ್ಪಡುವುದರಿಂದ ಕಂಪನಿಯವರು ಅವುಗಳನ್ನು ಓದಲಾರರು. ಆಳು ಲಕೋಟೆಯನ್ನು ಒಯ್ಯುವನೇ ಹೊರತು ಒಡೆದು ನೋಡಲಾರನು. ಆ ಕಂಪನಿಯಾದರೂ ಯಾವುದಾದರೊಂದು ಬ್ಯಾಂಕಿನ ಆಶ್ರಯವಿಲ್ಲದೆ ನಿಗಮದ ಬಾಗಿಲನ್ನು ತಟ್ಟುವಂತಿಲ್ಲ. ಲಕೋಟೆಯು ನಿಗಮದ ಮೂಲಕ ತಾಯಿಯ ಬ್ಯಾಂಕನ್ನು ಸೇರುತ್ತದೆ. ಬ್ಯಾಂಕು ಪಿನ್ನನ್ನೂ ಶಿಲ್ಕನ್ನೂ ಪರೀಕ್ಷಿಸಿ, ೫೦೦ ರೂಪಾಯಿಯನ್ನು ಖರ್ಚು ಬರೆದು, "ಬರೆದೆನು" ಎಂದು ನಿಗಮಕ್ಕೆ ತಿಳಿಸುತ್ತದೆ. ಆ ಮೇಲೆಯೇ ನಿಗಮವು ಮಗಳ ಬ್ಯಾಂಕಿಗೆ "ಜಮೆ ಬರೆ" ಎಂದು ಹೇಳುವುದು. ಆ ಬ್ಯಾಂಕಿನ ಉತ್ತರವೂ ಬಂದ ಬಳಿಕ ಎರಡು ಫೋನುಗಳಿಗೂ ಸಂದೇಶಗಳು ಹೋಗುತ್ತವೆ. ಇಷ್ಟು ಓಲೆಗಳು ಆ ಕಡೆಯಿಂದ ಈ ಕಡೆಗೆ ಓಡಾಡಲು ಹಿಡಿಯುವ ಕಾಲವು ಕೆಲವೇ ಸೆಕೆಂಡುಗಳು.

ಇನ್ನೂ ಸೋಜಿಗದ ಮಾತೇನೆಂದರೆ, ಮಗಳು ಆ ೫೦೦ ರೂಪಾಯಿಯಿಂದ ಪುಸ್ತಕ ಕೊಳ್ಳುವ ಹೊತ್ತಿಗೆ ಎರಡು ಬ್ಯಾಂಕುಗಳ ನಡುವೆ ಒಂದು ಕಾಸೂ ಕದಲದಿರಬಹುದು. ಅವು ಪರಸ್ಪರ ಲೆಕ್ಕವನ್ನು ಮಾತ್ರ ಬರೆದುಕೊಂಡಿರುತ್ತವೆ. ಮೊದಲನೆಯ ಬ್ಯಾಂಕಿನಿಂದ ಎರಡನೆಯದಕ್ಕೆ ಒಟ್ಟು ೧೦ ಲಕ್ಷ, ಎರಡನೆಯದರಿಂದ ಮೊದಲನೆಯದಕ್ಕೆ ಒಟ್ಟು ೯ ಲಕ್ಷ ಸಲ್ಲಬೇಕಾದರೆ, ವ್ಯತ್ಯಾಸವಾದ ಒಂದು ಲಕ್ಷವು ಮಾತ್ರ ಸಂದರೆ ಸಾಕು. ನಿಗಮವು ಎಲ್ಲ ಬ್ಯಾಂಕುಗಳ ಕೊಡುವ ತೆಗೆದುಕೊಳ್ಳುವ ಲೆಕ್ಕವನ್ನು ಹೀಗೆ ವಜಾ ಮಾಡಿ, ದಿನದಲ್ಲಿ ಹಲವು ಸಾರಿ ರಿಜರ್ವು ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳ ಮೂಲಕ ತೀರಿಸುತ್ತದೆ. ಹಿಂದೆ ಪೇಟೆಯ ಸಾಹುಕಾರರು ಒಬ್ಬರ ಹುಂಡಿಗೆ ಇನ್ನೊಬ್ಬರ ಹುಂಡಿಯನ್ನು ವಜಾ ಹಾಕುತ್ತಿದ್ದುದೂ ಈ ರೀತಿಯಲ್ಲಿಯೇ.

ಒಮ್ಮೊಮ್ಮೆ ನಡುದಾರಿಯಲ್ಲಿ ಓಲೆಯು ತಡೆಯುವುದುಂಟು. ನಮ್ಮ ಖಾತೆಯಲ್ಲಿ ಖರ್ಚು ಬಿದ್ದಿರುತ್ತದೆ, ಆಚೆ ಕಡೆ ಜಮೆಯಾಗಿರುವುದಿಲ್ಲ. ಹಣ್ಣಿನ ಅಂಗಡಿಯೊಂದರಲ್ಲಿ ಹೀಗಾದಾಗ ನಾನು ಗಾಬರಿಯಿಂದ ಎರಡನೆಯ ಸಾರಿಯೂ ಕಳುಹಿಸಿ, ಎರಡೂ ಸೇರಿಹೋಗಿ, ಬೇಡದಿದ್ದರೂ ಇನ್ನೊಂದು ಡಜನು ಕಿತ್ತಳೆಯನ್ನು ಹೊತ್ತುಕೊಂಡು ಬಂದೆನು. ಸ್ವಲ್ಪ ತಾಳಿ ನೋಡುವುದೇ ಯುಕ್ತ. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣವು ಹೀಗೆ ನಿಂತುಹೋದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕೆಂದೂ, ತಪ್ಪಿದರೆ ದಿನವೊಂದಕ್ಕೆ ೧೦೦ ರೂಪಾಯಿಯಂತೆ ಪರಿಹಾರ ಕೊಡಬೇಕೆಂದೂ ರಿಜರ್ವು ಬ್ಯಾಂಕು ೨೦೧೯ರ ಸೆಪ್ಟೆಂಬರಿನಲ್ಲಿ ಆಜ್ಞೆ ಹೊರಡಿಸಿತು.

ಪಿನ್ನು ರುಜುವೆಂದು ಹೇಳಿದೆನಷ್ಟೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಹೆಚ್ಚಿನ ಮೋಸಗಳು ತಾವಾಗಿ ಬಯಲಾಗುತ್ತವೆ. ಚೆಕ್ಕಿಗೆ ರುಜು ಹಾಕುವವರು ಕೊಡುವವರು, ಪಡೆಯುವವರಲ್ಲ. ಆದಕಾರಣ "ನಿಮಗೆ ಬಹುಮಾನ ಬಂದಿದೆ, ಪಡೆಯಲು ಪಿನ್ನು ಒತ್ತಿರಿ," "ನಿಮ್ಮ ಹಳೆಯ ಮಂಚವನ್ನು ಕೊಳ್ಳುವೆನು, ಈ ಚಿತ್ರಕ್ಕೆ ಫೋನು ಹಿಡಿದರೆ ಹಣ ಬರುವುದು," ಎಂದು ಯಾರಾದರೂ ಹೇಳಿದರೆ ಅವರು ನಿಮ್ಮ ರುಜುವನ್ನು ಬೇಡುತ್ತಿದ್ದಾರೆಂದೇ ತಿಳಿಯತಕ್ಕದ್ದು. ಬರುವ ಹಣಕ್ಕೆ ಪಿನ್ನು ಬೇಕಿಲ್ಲ. ಕೊಡುವವರಂತೆ ನಟಿಸಿ ಕೇಳಿಕೆಯನ್ನು ಕಳುಹಿಸುವ ವಂಚನೆಯು ಹೆಚ್ಚಿದ್ದರಿಂದ, ವ್ಯಕ್ತಿಗಳ ನಡುವಣ ಅಂಥ ಕೇಳಿಕೆಗಳನ್ನು ೨೦೨೫ರ ಅಕ್ಟೋಬರ್ ೧ರಿಂದ ನಿಲ್ಲಿಸಲಾಯಿತು. ಚಿತ್ರ ತೋರಿಸಿ ವಂಚಿಸುವವರು ಮಾತ್ರ ಉಳಿದಿದ್ದಾರೆ. ಮೋಸಹೋದವರು ನಾಚಿಕೆಯಿಂದ ಮನೆಯವರಿಗೆ ಮರೆಮಾಡಿ ಎರಡು ದಿನ ಕಳೆಯುವುದೇ ದೊಡ್ಡ ಅನರ್ಥ. ಕೂಡಲೇ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣವು ಕೈಯಿಂದ ಕೈಗೆ ಜಾರುವ ಮೊದಲು ತಡೆಯಲು ಆಗ ಅವಕಾಶವಿರುತ್ತದೆ.

ರುಜುವಿಗಿಂತಲೂ ಮೇಲಾದ ಇನ್ನೊಂದು ವಸ್ತುವಿದೆ. ಅದನ್ನು ಹಲವರು ಗಮನಿಸಿಯೇ ಇಲ್ಲ. ಅದು ಬ್ಯಾಂಕಿನಲ್ಲಿ ಬರೆಸಿರುವ ಫೋನು ಸಂಖ್ಯೆ. ಆ್ಯಪನ್ನು ಮೊದಲ ಸಾರಿ ತೆರೆದಾಗ ಅದು ಫೋನಿನಿಂದ ಒಂದು ಸಂದೇಶವನ್ನು ತಾನಾಗಿ ಹೊರಡಿಸುತ್ತದೆ. ಆ ಸಂದೇಶವು ಯಾವ ಸಂಖ್ಯೆಯಿಂದ ಬಂದಿತೋ ಆ ಸಂಖ್ಯೆಗೆ ಸೇರಿದ ಖಾತೆಗಳು ಮಾತ್ರ ಆ ಫೋನಿನಲ್ಲಿ ತೆರೆದುಕೊಳ್ಳುತ್ತವೆ. ಪಿನ್ನನ್ನು ಹೊಸದಾಗಿ ಗೊತ್ತುಮಾಡಲು ಬೇಕಾಗುವ ಗುಟ್ಟಿನ ಅಂಕಗಳೂ ಆ ಸಂಖ್ಯೆಗೇ ಬರುತ್ತವೆ. ಅದರೊಡನೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಗಳೂ ಅವಧಿಯೂ, ಇಲ್ಲವೆ ಆಧಾರ್ ಸಂಖ್ಯೆಯೂ ತಿಳಿದಿದ್ದರೆ ಹೊಸ ರುಜುವನ್ನೇ ಮಾಡಿಕೊಳ್ಳಬಹುದು. ಹಿಂದಿನ ಅರಸರ ಮುದ್ರೆಯುಂಗುರಕ್ಕೆ ಇದ್ದ ಅಧಿಕಾರವು ಈಗ ಈ ಸಂಖ್ಯೆಗಿದೆ. ಉಂಗುರವು ಯಾರ ಬೆರಳಿನಲ್ಲಿದೆಯೋ ಭಂಡಾರವು ಅವರ ಮಾತನ್ನು ಕೇಳುತ್ತದೆ.

ಕೂಟದಲ್ಲಿ ನೋಟು ಎಣಿಸಿದ ಆ ಹಿರಿಯರ ಕಥೆಯು ಇದೇ. ಅವರಿಗೆ ಕುಟುಂಬ ಪಿಂಚಣಿ ಬರುತ್ತದೆ. ಖಾತೆಯು ಅವರ ಹೆಸರಿನಲ್ಲಿದೆ. ಆದರೆ ಖಾತೆ ತೆರೆದ ಕಾಲದಲ್ಲಿ ಅವರಲ್ಲಿ ಫೋನಿರಲಿಲ್ಲವಾದ್ದರಿಂದ ಮೈದುನನ ಮಗನ ಸಂಖ್ಯೆಯನ್ನು ಬರೆಸಲಾಗಿತ್ತು. ಆ ಹುಡುಗನು ಕಳ್ಳನಲ್ಲ. ಮನೆಯ ಸಾಮಾನು, ವಿದ್ಯುತ್ತಿನ ಬಿಲ್ಲು ಎಂದು ಆ ಖಾತೆಯಿಂದಲೇ ಸಲ್ಲಿಸುತ್ತಿದ್ದನು. ಒಮ್ಮೆ ಹೇಳುತ್ತಿದ್ದನು, ಒಮ್ಮೆ ಮರೆಯುತ್ತಿದ್ದನು. ಪಿಂಚಣಿ ಬಂದಿತೆಂಬುದನ್ನೂ ಅದು ಖರ್ಚಾಯಿತೆಂಬುದನ್ನೂ ಆ ತಾಯಿ ಪಾಸುಪುಸ್ತಕ ಬರೆಸಿದ ದಿನ ಒಟ್ಟಿಗೇ ತಿಳಿಯುತ್ತಿದ್ದರು. ೧೯೨೮ರಲ್ಲಿ ಉಡುಪಿಯ ಸಿಂಡಿಕೇಟಿನವರು ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಕೂಡಿಸಿದಾಗ, ಕೊಟ್ಟ ಗೃಹಿಣಿಗೆ ಪುಸ್ತಕದಲ್ಲಿ ಬರೆದ ಅಂಕವಾದರೂ ಕಣ್ಣೆದುರಿಗೆ ಇರುತ್ತಿತ್ತು. ಇಲ್ಲಿ ಅದೂ ಇರಲಿಲ್ಲ. ಅವರು ಫೋನನ್ನು ಅರಿಯದೆ ನೋಟು ಎಣಿಸಿದರೆಂದು ನಾವು ನಕ್ಕಿದ್ದೆವು.

ನಮ್ಮ ಸಹಪಾಠಿಗಳಲ್ಲಿ ಎಷ್ಟು ಮಂದಿಯ ಖಾತೆಗೆ ಗಂಡನ, ಅಣ್ಣನ, ಮಗನ ಸಂಖ್ಯೆ ಅಂಟಿಕೊಂಡಿದೆಯೋ ವಿಚಾರಿಸಿಕೊಳ್ಳಬೇಕು. ಬಿಟ್ಟುಬಿಟ್ಟ ಹಳೆಯ ಸಂಖ್ಯೆಯನ್ನು ಫೋನಿನ ಕಂಪನಿಯವರು ಕೆಲವು ಕಾಲದ ಬಳಿಕ ಬೇರೊಬ್ಬರಿಗೆ ಕೊಡುವುದರಿಂದ ಅದನ್ನು ಬ್ಯಾಂಕಿನಲ್ಲಿ ಹಾಗೆಯೇ ಉಳಿಸುವುದೂ ಅಪಾಯಕರವೇ. ಮಗಳಿಗೋ ಮನೆಯವರಿಗೋ ನಮ್ಮ ಖಾತೆಯಿಂದ ಖರ್ಚು ಮಾಡಲು ಬಿಡಬೇಕಾದರೆ ಪಿನ್ನನ್ನು ಹೇಳಿಕೊಡುವ ಅಗತ್ಯವಿಲ್ಲ. ೨೦೨೪ರಲ್ಲಿ ಬಂದ ಯು.ಪಿ.ಐ. ಸರ್ಕಲ್ ಎಂಬ ಅನುಕೂಲದಿಂದ ತಿಂಗಳಿಗೆ ೧೫,೦೦೦ ರೂಪಾಯಿಯೊಳಗೆ ಮೇರೆಯನ್ನು ಗೊತ್ತುಮಾಡಿ ಅವರಿಗೆ ಅಧಿಕಾರ ಕೊಡಬಹುದು. ಇಲ್ಲವೆ ಪ್ರತಿಯೊಂದು ಖರ್ಚಿಗೂ ನಾವೇ ಪಿನ್ನು ಒತ್ತಿ ಒಪ್ಪಿಗೆ ಕೊಡುವಂತೆ ಇಟ್ಟುಕೊಳ್ಳಬಹುದು. ಬರಿಯ ಗುಂಡಿಫೋನು ಇರುವವರಿಗೂ ೨೦೨೨ರಿಂದ ಬೇರೆ ಮಾರ್ಗವಿದೆ.

ಫೋನು ಬಾವಿಗೆ ಬಿದ್ದರೆ ಏನಾಗುವುದೆಂಬುದಕ್ಕೆ ಒಂದು ಮಾತು ಉಳಿದಿದೆ. ಪಿನ್ನಿಲ್ಲದೆ ಸಣ್ಣ ಮೊತ್ತಗಳನ್ನು ಸಲ್ಲಿಸಲು ಲೈಟ್ ಎಂಬ ಚಿಕ್ಕ ಚೀಲವನ್ನು ಕೆಲವರು ಇಟ್ಟುಕೊಂಡಿರುತ್ತಾರೆ. ಅದರಲ್ಲಿಟ್ಟ ಸ್ವಲ್ಪ ಹಣವು ಖಾತೆಯಿಂದ ಬೇರೆಯಾಗಿ ಇಟ್ಟದ್ದು. ಉಳಿದದ್ದು ಬ್ಯಾಂಕಿನಲ್ಲಿ ಕ್ಷೇಮ. ನೀರಿಗೆ ಬಿದ್ದುದಕ್ಕಿಂತ ಅನ್ಯರ ಕೈಗೆ ಬಿದ್ದ ಫೋನಿನ ಭಯವೇ ಹೆಚ್ಚು. ಆಗ ಸಂಖ್ಯೆಯನ್ನು ತಡೆಹಿಡಿಸಿ ಬ್ಯಾಂಕಿಗೆ ತಿಳಿಸಬೇಕು.

ಕೂಟದ ಮರುವಾರ ನಾನು ಆ ಹಿರಿಯರೊಡನೆ ಬ್ಯಾಂಕಿಗೆ ಹೋದೆನು. ಪಾಸುಪುಸ್ತಕ, ಗುರುತಿನ ಚೀಟಿ, ಒಂದು ಪುಟದ ಅರ್ಜಿ, ಇಷ್ಟೇ ಬೇಕಾದದ್ದು. ಗುಮಾಸ್ತನು, "ಮಗನ ಸಂಖ್ಯೆಯೇ ಇರಲಿ ಬಿಡಿ ಅಮ್ಮ, ನಿಮಗೆ ಇದೆಲ್ಲ ಯಾಕೆ?" ಎಂದನು. ಅವರು ಉತ್ತರ ಕೊಡದೆ ಅರ್ಜಿಯ ಮೇಲೆ ತಮ್ಮ ಹತ್ತು ಅಂಕಗಳನ್ನು ಒಂದೊಂದಾಗಿ ಬರೆದರು. ಮುಂದಿನ ತಿಂಗಳು ಪಿಂಚಣಿಯು ಜಮೆಯಾದ ಸಂದೇಶವು ಅವರ ಫೋನಿಗೆ ಬಂದಿತು. ಅದೇ ದಿನ ಮಧ್ಯಾಹ್ನ ನನ್ನ ಖಾತೆಗೆ ೫೦ ರೂಪಾಯಿ ಬಂದು ಸೇರಿತು. ಕೂಟದ ಚಂದಾದ ಬಾಕಿಯೆಂದು ಕೆಳಗೆ ಬರೆದಿತ್ತು.