ಬಾಗಿಲು ಎರಡು, ಬುಟ್ಟಿ ಒಂದು

ನಮ್ಮ ಸಂಘದ ಅಂಗಡಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತೇವೆ. ಕೆಲವರು ಅಂಗಡಿಗೇ ಬರುತ್ತಾರೆ. ರುಚಿ ನೋಡಿ ಕೊಳ್ಳುತ್ತಾರೆ. ಕೆಲವರು ವಾಟ್ಸಾಪಿನಲ್ಲಿ ಹೇಳಿ ಕಳಿಸುತ್ತಾರೆ. "50 ರೊಟ್ಟಿ ಕಟ್ಟಿಡ್ರಿ, ಸಂಜೀಕ ಬರ್ತೀವಿ" ಅಂತಾರೆ.

ಬುಟ್ಟಿಯಲ್ಲಿ 80 ರೊಟ್ಟಿ ಇವೆ ಅನ್ನಿ. ಫೋನಿನವರಿಗೆ 50 ಒಪ್ಪಿಕೊಂಡೆವು. ಅಂಗಡಿಗೆ ಬಂದವರಿಗೆ ಉಳಿದದ್ದು ಎಷ್ಟು? 30 ಮಾತ್ರ. ಅವರಿಗೆ 40 ಕೊಟ್ಟುಬಿಟ್ಟರೆ ಸಂಜೆ ಬಂದವರಿಗೆ ಏನು ಹೇಳೋಣ? ಅವರು ಮತ್ತೆ ನಮ್ಮ ಅಂಗಡಿಗೆ ಬರ್ತಾರಾ?

ಅದಕ್ಕೇ ಎರಡೂ ಕಡೆಯ ವ್ಯಾಪಾರ ಒಂದೇ ಪುಸ್ತಕದಲ್ಲಿ ಬರೆಯಬೇಕು. ಹೆಸರು ಬರೆಯಿರಿ. ಎಷ್ಟು ರೊಟ್ಟಿ, ಬರೆಯಿರಿ. ಹಣ ಬಂತೋ ಇಲ್ಲವೋ, ಅದನ್ನೂ ಬರೆಯಿರಿ. ಒಪ್ಪಿದ ಕೂಡಲೇ ಬರೆಯಬೇಕು. ಆಮೇಲೆ ಅಂದರೆ ಮರೆತುಹೋಗುತ್ತದೆ. 50 ರೊಟ್ಟಿ ಕಟ್ಟಿ, ಮೇಲೆ ಹೆಸರಿನ ಚೀಟಿ ಹಚ್ಚಿ ಬೇರೆ ಇಡಿ.

ಫೋನಿನವರು ಬಾರದಿದ್ದರೆ? ಕಡಕ್ ರೊಟ್ಟಿ ಬೇಗ ಕೆಡುವುದಿಲ್ಲ, ನಿಜ. ಆದರೂ ಅರ್ಧ ಹಣ ಮೊದಲೇ ಕೇಳುವುದು ಒಳ್ಳೆಯದು. 2016ರಿಂದ ಯುಪಿಐ ಇದೆ. ಹಣ ಫೋನಿನಲ್ಲೇ ಬರುತ್ತದೆ. ಹಣ ಪಡೆಯಲು ಪಿನ್ ಬೇಕಿಲ್ಲ. "ರೊಟ್ಟಿ ಹಣ ಹಾಕ್ತೀನಿ, ಪಿನ್ ಒತ್ರಿ" ಅಂದರೆ ಅದು ಮೋಸ. ಒತ್ತಿದರೆ ನಮ್ಮ ಖಾತೆಯ ಹಣವೇ ಹೋಗುತ್ತದೆ. ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.