ತರಬೇತುದಾರನ ಅರ್ಹತೆ: ಪಾಠಯೋಜನೆಯ ಕಣ್ಣಿನಿಂದ

ಒಂಬತ್ತನೆಯ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧಿಸುವಾಗ ನಾನು ತೆಗೆದುಕೊಂಡ ಉದಾಹರಣೆ ಕುಂದಾಪುರದ ಬಳಿಯ ವಂಡ್ಸೆ ಕಡೆಯ ಗುರುರಾಜ ಪೂಜಾರಿ ಅವರದು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 138 ಕೆ.ಜಿ. ಎತ್ತರವನ್ನು ಲೆಕ್ಕಕ್ಕೆ ಎರಡು ಮೀಟರ್ ಎಂದುಕೊಂಡರೆ ಸುಮಾರು 2,700 ಜೌಲ್ ಕೆಲಸ. ಲೆಕ್ಕ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಕೋಚ್ ಆಪುಕೆ ಎಂತ ಓದ್ಕ್ ಸರ್?”

ಉತ್ತರ ಸುಲಭವಲ್ಲ. ಬಿ.ಪಿ.ಎಡ್. ಮುಗಿಸಿದವರು ದೈಹಿಕ ಶಿಕ್ಷಣ ಶಿಕ್ಷಕರಾಗುತ್ತಾರೆ. ಒಂದೇ ಕ್ರೀಡೆಯ ತರಬೇತುದಾರರಾಗಲು ಅದಷ್ಟೇ ಸಾಲದು. 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ. ಆದರೆ ಬೈಂದೂರಿನಲ್ಲಿ ಹಗಲು ದುಡಿದು ಸಂಜೆ ಮಕ್ಕಳಿಗೆ ಕಬಡ್ಡಿ ಕಲಿಸುವ ಹಳೆಯ ಆಟಗಾರ ಡಿಪ್ಲೊಮಾಕ್ಕೆಂದು ಒಂದು ವರ್ಷ ಊರು ಬಿಡುವುದು ಹೇಗೆ?

2013ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಅಂದರೆ ನಮ್ಮ ಪ್ರೌಢಶಾಲೆಗಳು ಎನ್‌ಎಸ್‌ಕ್ಯೂಎಫ್ ಎಂದು ಕರೆಯುವುದು, ಇಲ್ಲಿ ನೆರವಿಗೆ ಬರುತ್ತದೆ. ಎಷ್ಟು ವರ್ಷ ಓದಿದ್ದಾರೆ ಎಂಬುದಕ್ಕಿಂತ ಏನು ಮಾಡಬಲ್ಲರು ಎಂಬುದನ್ನು ಅದು ಕೇಳುತ್ತದೆ. ದುಡಿಯುತ್ತಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ದಾರಿಯೂ ಅದರಲ್ಲಿದೆ. ಹಾಗಾಗಿ ಪ್ರಶ್ನೆ ಅರ್ಹತೆಯ ವಾಕ್ಯಗಳನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಬರುತ್ತದೆ. ಅದು ನಮ್ಮದೇ ವಿದ್ಯೆ.

‘ತರಬೇತುದಾರನು ಆಟಗಾರರ ಆರೋಗ್ಯದ ಮಹತ್ವವನ್ನು ಅರಿತಿರುತ್ತಾನೆ’ ಎಂದು ಬರೆದರೆ ನಮ್ಮ ಪಾಠಯೋಜನೆಯಲ್ಲಿ ‘ಅರಿಯುತ್ತಾರೆ’ ಎಂದು ಬರೆದಷ್ಟೇ ನಿಷ್ಪ್ರಯೋಜಕ. ನೋಡಿ ಅಳೆಯುವಂತಿರಬೇಕು. ಭಾರ ಎತ್ತುವುದಕ್ಕೂ ಕಿರಿಯರ ಕಬಡ್ಡಿಗೂ ತೂಕದ ಮಿತಿ ಇದೆ. ಮಿತಿಗಿಂತ ಒಂದೂವರೆ ಕಿಲೊ ಹೆಚ್ಚಿರುವ ಹುಡುಗನಿಗೆ ನೀರು ಕೊಡದೆ, ದಪ್ಪ ಬಟ್ಟೆ ತೊಡಿಸಿ ಓಡಿಸುವುದು ಸುಲಭದ ಉಪಾಯ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಬಾಷ್ಪೀಕರಣದ ಪಾಠದಲ್ಲಿ ನಾವು ಹೇಳುವುದೂ ಇದನ್ನೇ. 1997ರ ನವೆಂಬರ್–ಡಿಸೆಂಬರಿನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿ ನಿಯಮ ಬದಲಾಯಿತು. ಆದ್ದರಿಂದ ನಾನಾದರೆ ಹೀಗೆ ಬರೆಯುತ್ತೇನೆ: ‘ತೂಕ ಹೆಚ್ಚಿರುವ ಆಟಗಾರನಿಗೆ ನೀರು ತಡೆಯದೆ, ಮೇಲಿನ ವಿಭಾಗದಲ್ಲಿ ಆಡಿಸುತ್ತಾನೆ ಅಥವಾ ಆ ಪಂದ್ಯದಿಂದ ಕೈಬಿಡುತ್ತಾನೆ, ಕಾರಣವನ್ನು ಹೆತ್ತವರಿಗೆ ವಿವರಿಸುತ್ತಾನೆ.’

ಇದನ್ನು ಬರೀ ಲಿಖಿತ ಪರೀಕ್ಷೆಯಿಂದ ಅಳೆಯಲಾಗದು, ಇಂಗ್ಲಿಷಿನಲ್ಲಂತೂ ಸಾಧ್ಯವೇ ಇಲ್ಲ. ಸೂಕ್ಷ್ಮ ಬೋಧನೆಯ ಚಕ್ರ ಇಲ್ಲಿಗೆ ಹೊಂದುತ್ತದೆ: ಆರು ನಿಮಿಷ ಕಲಿಸುವುದು, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಕಲಿಸುವುದು, ಕೊನೆಗೆ ಆರು ನಿಮಿಷ ಹಿಮ್ಮಾಹಿತಿ. ಬ್ರಹ್ಮಾವರದ ಯಾವುದಾದರೂ ಶಾಲೆಯ ಮೈದಾನದಲ್ಲಿ, ಹತ್ತು ಮಕ್ಕಳೊಂದಿಗೆ, ಕನ್ನಡದಲ್ಲೇ ಇದನ್ನು ಮಾಡಬಹುದು. ನಮ್ಮ ಅವಲೋಕನ ಪಟ್ಟಿಯ ವಿವರಣೆ, ಪುನರ್ಬಲನ, ಪ್ರಶ್ನಿಸುವಿಕೆ ಎಲ್ಲವೂ ಹಾಗೆಯೇ ಉಳಿಯುತ್ತವೆ. ಎರಡು ಕಾಲಂ ಮಾತ್ರ ಸೇರಬೇಕು: ನೀರು ಕುಡಿಯಲು ಯಾವಾಗ ಬಿಟ್ಟರು, ಆಟವನ್ನು ಯಾವಾಗ ನಿಲ್ಲಿಸಿದರು.