ಮ್ಯಾನಟಿ ನೋಡಲು ಹೊರಟವರಿಗೆ ಏಳು ಸೂತ್ರಗಳು

1. ಚಳಿಗಾಲದಲ್ಲೇ ಹೋಗಿ. ನೀರಿನಲ್ಲೇ ಬಾಳುವ ಸಸ್ತನಿ ಮ್ಯಾನಟಿಯ ಗುಂಡು ಮೈ ನೋಡಿ ಅದಕ್ಕೆ ಚಳಿ ತಾಗದು ಅಂದುಕೊಳ್ಳಬೇಡಿ. ತಿಮಿಂಗಿಲಕ್ಕಿರುವಂಥ ದಪ್ಪ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಿ ಹಾಗೆಯೇ ಉಳಿದರೆ ಜೀವಕ್ಕೇ ಕುತ್ತು. ಅದಕ್ಕೇ ಅಮೆರಿಕದ ಫ್ಲಾರಿಡಾದ ಮ್ಯಾನಟಿಗಳು, ವರ್ಷವಿಡೀ ಸುಮಾರು 22 ಡಿಗ್ರಿ ಇರುವ ಚಿಲುಮೆಗಳಿಗೆ ಬಂದು ಸೇರುತ್ತವೆ. ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಅಲ್ಲಿನ ಕ್ರಿಸ್ಟಲ್ ರಿವರ್ ಅಥವಾ ಬ್ಲೂ ಸ್ಪ್ರಿಂಗ್‌ಗೆ ಹೋಗಿ. ನಿಮಗೆ ಹಲ್ಲು ಕಟಕಟಿಸುವ ಬೆಳಗಾದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಬಹುಪಾಲು ಚದುರಿಹೋಗಿರುತ್ತವೆ.

2. ಪೋಲರೈಸ್ಡ್ ಕನ್ನಡಕ ಮರೆಯಬೇಡಿ. ಬಿಸಿಲಿನ ಝಳಪು ಕಳೆದರೆ ತಳದವರೆಗೂ ಕಾಣುತ್ತದೆ.

3. ನೀರಿನ ಮೇಲ್ಮೈ ಓದಿ. ಸಾಲಾಗಿ ಮೂಡುವ ನುಣುಪಾದ ದುಂಡು ಗುರುತುಗಳು ಕಂಡರೆ, ಕೆಳಗೆ ಬಾಲ ಬೀಸುತ್ತ ಮ್ಯಾನಟಿ ಸಾಗುತ್ತಿದೆ ಎಂದರ್ಥ.

4. ಮೂಗಿಗೆ ಕಾಯಿರಿ. ಓಡಾಡುವಾಗ ಮೂರರಿಂದ ಐದು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರುತ್ತದೆ. ಮಲಗಿದ್ದರೆ 20 ನಿಮಿಷವೂ ಆದೀತು, ಕ್ಯಾಮೆರಾ ಕೆಳಗಿಡಬೇಡಿ.

5. ಬಾಲ ನೋಡಿ ಗುರುತಿಸಿ. ಅಗಲ ಸೌಟಿನಂತಿದ್ದರೆ ಮ್ಯಾನಟಿ. ತಿಮಿಂಗಿಲದ ಬಾಲದ ಹಾಗೆ ಎರಡಾಗಿ ಕವಲೊಡೆದಿದ್ದರೆ ಅದರ ಬಂಧು ಡುಗಾಂಗ್. ಭಾರತದಲ್ಲಿರುವುದು ಡುಗಾಂಗ್ ಮಾತ್ರ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ ಅದಕ್ಕೊಂದು ಸಂರಕ್ಷಿತ ಪ್ರದೇಶವನ್ನೂ ಘೋಷಿಸಿದ್ದಾರೆ.

6. ಹತ್ತಿರ ಬಂದರೆ ಮುಖ, ಕೈ ಗಮನಿಸಿ. ಸುಮಾರು ಮೂರು ಮೀಟರ್ ಉದ್ದ, ಅರ್ಧ ಟನ್ ತೂಕದ ಈ ಪ್ರಾಣಿ ಆನೆಯ ಬಂಧು. ಮುಂಗೈಯಂಥ ಈಜುರೆಕ್ಕೆಯ ತುದಿಯಲ್ಲಿ ಉಗುರುಗಳಿವೆ. ಸೀಳಿದ ಮೇಲ್ದುಟಿಯ ಎರಡು ಭಾಗಗಳೂ ಬೇರೆ ಬೇರೆಯಾಗಿ ಆಡುತ್ತವೆ, ಹುಲ್ಲನ್ನು ಹಿಡಿದು ಬಾಯಿಗೆ ತಳ್ಳುತ್ತವೆ. ಸವೆದ ದವಡೆಹಲ್ಲು ಮುಂದೆ ಸರಿದು ಉದುರಿದರೆ ಹಿಂದಿನಿಂದ ಹೊಸದು ಬರುತ್ತದೆ, ಹೀಗೆ ಜೀವನಪೂರ್ತಿ. ಕುತ್ತಿಗೆಯಲ್ಲಿ ಮೂಳೆ ಆರೇ, ನಮಗಿರುವುದು ಏಳು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತದೆ. ಬೆನ್ನ ಮೇಲಿನ ಬಿಳಿ ಗೆರೆಗಳು ಮಾತ್ರ ಹುಟ್ಟಿನಿಂದ ಬಂದವಲ್ಲ, ಹೆಚ್ಚಿನವು ದೋಣಿಯ ಪ್ರೊಪೆಲ್ಲರ್ ಕೊಯ್ದ ಗಾಯ. ಒಂದೊಂದು ಮ್ಯಾನಟಿಯನ್ನೂ ಸಂಶೋಧಕರು ಗುರುತು ಹಿಡಿಯುವುದು ಆ ಕಲೆಗಳಿಂದಲೇ.

7. ಬೆನ್ನಟ್ಟಬೇಡಿ, ತಿನ್ನಲು ಕೊಡಬೇಡಿ, ಮಲಗಿದ್ದನ್ನು ಎಬ್ಬಿಸಬೇಡಿ. ಬೆಚ್ಚನೆಯ ಚಿಲುಮೆಯಿಂದ ಹೊರಬಿದ್ದರೆ ಅದು ಕೊರೆಯುವ ನೀರು ಸೇರಬೇಕಾಗುತ್ತದೆ. ಅಮೆರಿಕದ 1972ರ ಕಡಲ ಸಸ್ತನಿ ಕಾಯ್ದೆಯಂತೆ ಕಾಟ ಕೊಡುವುದು ಅಪರಾಧವೂ ಹೌದು. ಕ್ರಿಸ್ಟಲ್ ರಿವರ್‌ನಲ್ಲಿ ಅವುಗಳ ಜೊತೆ ಈಜಲು ಅವಕಾಶವಿದೆ, ನಿಜ. ನನ್ನನ್ನು ಕೇಳಿದರೆ ಬ್ಲೂ ಸ್ಪ್ರಿಂಗ್ ದಡದ ಮರದ ಹಲಗೆ ಹಾದಿಯೇ ವಾಸಿ. ಮೈಯೂ ಒದ್ದೆಯಾಗದು, ಮ್ಯಾನಟಿಯ ನಿದ್ದೆಯೂ ಕೆಡದು.